ಕೌದಿ ಬಂದು ತೂಬಿಗೆ ಕೂತದ್ದು

ಈಗಲೂ ಎಲ್ಲಿಯಾದರೂ ನೀರು ಸಣ್ಣ ತೂತಿಗೆ ಇಳಿಯುವಾಗ ಗೊರ್ ಎಂದು ಸದ್ದು ಮಾಡಿದರೆ ನನ್ನ ಬಲಗೈ ತಾನಾಗಿ ಬಿಗಿಯುತ್ತದೆ. ಬಚ್ಚಲಲ್ಲಿ ನಿಂತಿರಲಿ, ಕಾಲೇಜಿನ ನಲ್ಲಿಯ ಹತ್ತಿರ ನಿಂತಿರಲಿ, ಯಾರದೋ ಕೈ ಹಿಡಿದುಕೊಂಡಂತೆ ಬೆರಳುಗಳು ಮಡಚಿಕೊಳ್ಳುತ್ತವೆ. ಅಂದು ಹಿಡಿದದ್ದು ಮಾಮಾನ ಕೈ. ಮಾಮಾ ಎಂದರೆ ನನ್ನ ಸೋದರತ್ತೆಯ ಗಂಡ. ದೇವಾಪುರದ ಆಚೆ, ಅವರ ಹೊಲಕ್ಕೆ ನೀರು ಕೊಡುವ ಕಾಲುವೆಯ ತೂಬು ಒಂದು ಮಧ್ಯಾಹ್ನ ಅವರ ಕಾಲನ್ನು ಒಳಕ್ಕೆ ಎಳೆದುಕೊಂಡಿತ್ತು. ಅವರು ಬದುಕಿದ್ದಾರೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಇಲ್ಲವಾದರೆ ಮುಂದೆ ನಾನು ಅವರನ್ನು ಗೇಲಿ ಮಾಡುವಾಗ ನಿಮಗೆ ನಗಲು ಸಂಕೋಚವಾದೀತು.

ಆಗ ನಾನು ಸುರಪುರದಲ್ಲಿ ಪಾಠ ಹೇಳುತ್ತಿದ್ದೆ. ನನ್ನ ವಿಷಯದ ಜೊತೆಗೆ ಪರಿಸರದ ಪಾಠವೂ ನನ್ನ ಪಾಲಿಗೇ ಬಂದಿತ್ತು, ಏಕೆಂದರೆ ಅದನ್ನು ಬೇಡ ಎನ್ನುವಷ್ಟು ಸೇವಾವಧಿ ನನಗೆ ಆಗಿರಲಿಲ್ಲ. ತವರು ಯಾದಗಿರಿ ದೂರವಾಗುತ್ತದೆಂದು ಅತ್ತೆಯ ಮನೆಯಲ್ಲೇ ಇದ್ದು ಸ್ಕೂಟರಿನಲ್ಲಿ ಓಡಾಡುತ್ತಿದ್ದೆ. ತರಗತಿಯಲ್ಲಿ ನಾನು ಒಂದು ಮಾತನ್ನು ಬಹಳ ಭರವಸೆಯಿಂದ ಹೇಳುತ್ತಿದ್ದೆ: ಒಂದು ಒಳ್ಳೆಯ ಅಭ್ಯಾಸ ಹಿಡಿದುಕೊಳ್ಳಿರಿ, ಉಳಿದವು ಅದರ ಬಾಲ ಹಿಡಿದು ಬರುತ್ತವೆ. ಇವತ್ತು ನಲ್ಲಿ ಬಂದ್ ಮಾಡಿದವನು ನಾಳೆ ಗಿಡ ನೆಡುತ್ತಾನೆ, ನಾಡಿದ್ದು ಪ್ಲಾಸ್ಟಿಕ್ ಬಿಡುತ್ತಾನೆ. ಹುಡುಗರು ಬರೆದುಕೊಳ್ಳುತ್ತಿದ್ದರು. ಸಂಜೆ ಮನೆಗೆ ಬಂದರೆ, ಈ ಮಾತಿಗೆ ಸವಾಲು ಹಾಕಲೆಂದೇ ಹುಟ್ಟಿದಂಥ ಗಂಡ ಹೆಂಡತಿ ಕಟ್ಟೆಯ ಮೇಲೆ ಕೂತಿರುತ್ತಿದ್ದರು.

ಅತ್ತೆಯನ್ನೇ ನೋಡಿ. ಆಕೆ ಹುಟ್ಟಿದ್ದು ಶಹಾಪುರದ ಕಡೆಯ ಒಂದು ಹಳ್ಳಿಯಲ್ಲಿ, ಕಾಲುವೆ ಬರುವುದಕ್ಕೆ ಎಷ್ಟೋ ಮೊದಲು. ಬೇಸಿಗೆಯಲ್ಲಿ ಬಾವಿಯ ಮೆಟ್ಟಿಲಿಳಿದು, ತಳದ ನೀರನ್ನು ಬಟ್ಟಲಿನಿಂದ ಮೊಗೆದು ಕೊಡ ತುಂಬಿಸಿದ ಕೈ ಅದು. ಅಕ್ಕಿ ತೊಳೆದ ನೀರು ಎಮ್ಮೆಗೆ, ಮುಸುರೆ ತೊಳೆದ ನೀರು ಕರಿಬೇವಿಗೆ, ಮೈ ತೊಳೆದ ನೀರು ಬಾಳೆಗೆ. ಹಿತ್ತಲಿನ ಸಿಮೆಂಟಿನ ಹೌದು, ಎಂದರೆ ನೀರಿನ ತೊಟ್ಟಿ, ಹಳೆಯದಾಗಿ ಅಲ್ಲಲ್ಲಿ ಸೋರುತ್ತಿತ್ತು. ಅತ್ತೆ ಹಳೆಯ ಅರಿವೆಯ ಚೂರಿಗೆ ಹಸಿ ಮಣ್ಣು ಮೆತ್ತಿ ಒಂದೊಂದೇ ತೂತಿಗೆ ತುರುಕಿ ತುರುಕಿ, ಆ ಹೌದು ಗಾಯಗೊಂಡ ಪೈಲ್ವಾನನ ಹಾಗೆ ಕಾಣುತ್ತಿತ್ತು.

"ಹೊಸಾ ಹೌದ ಕಟ್ಟಸ್ರಿ ಅಂದ್ರ ಕಿವ್ಯಾಗ ಹಾಕ್ಕೋವಲ್ರು ನಿಮ್ಮ ಮಾಮಾ," ಎನ್ನುತ್ತಿದ್ದಳು. "ನನಗ ಸೋರೋದು ಕಂಡ್ರ ಹೊಟ್ಟಿ ಉರೀತದ ನೋಡು. ಮಂದಿ ಮನೀದು ಸೋರಿದ್ರೂ ಹೋಗಿ ಮುಚ್ಚಿ ಬರಬೇಕು ಅನಸ್ತದ."

ಮಾಮಾ ಇದಕ್ಕೆ ಪೂರ್ತಿ ಉಲ್ಟಾ. ಹೊಲದಿಂದ ಬಂದು ನಲ್ಲಿ ತಿರುವಿದರೆಂದರೆ ಕೈಕಾಲು ತೊಳೆದು, ಮುಖ ಒರೆಸಿ, ಚಹಾ ಕುಡಿದು, ಪೇಟೆಯ ಸುದ್ದಿ ಮುಗಿಸುವ ತನಕ ಅದು ಹರಿಯುತ್ತಲೇ ಇರುತ್ತಿತ್ತು. ಕೋಣೆಯಲ್ಲಿ ಮನುಷ್ಯರಿಲ್ಲದಿದ್ದರೂ ಫ್ಯಾನು ತಿರುಗುತ್ತಿತ್ತು. ಅಡಿಕೆ ಚೀಟಿಗಳನ್ನು ಕೂತಲ್ಲೇ ಬಿಡುತ್ತಿದ್ದರು, ಅವರು ದಿನವಿಡೀ ಎಲ್ಲೆಲ್ಲಿ ಕೂತಿದ್ದರೆಂದು ಆ ಚೀಟಿಗಳನ್ನು ನೋಡಿಯೇ ಹೇಳಬಹುದಿತ್ತು.

"ನಳದ ಕಿವಿ ಹಿಂಡಿದ್ರ ಕೈ ಸವದು ಹೋಗ್ತಾವೇನ್ರಿ?"

"ಕೆನಾಲದಾಗ ಅಷ್ಟು ನೀರು ಹೊಂಟಾವ. ನಿನ್ನ ಒಂದು ತಂಬಿಗಿ ಸಲುವಾಗಿ ಅಳಬ್ಯಾಡ ನೀ."

ಇದೇ ಮನುಷ್ಯ ಹೊಸ್ತಿಲು ದಾಟಿ ಕಾಲುವೆಯ ದಂಡೆ ಹತ್ತಿದನೆಂದರೆ ಬೇರೆಯೇ ಆಗಿಬಿಡುತ್ತಿದ್ದ. ದಂಡೆಯುದ್ದಕ್ಕೂ ಬೇವಿನ ಸಸಿ ಹಚ್ಚಿದವರು ಮಾಮಾ. ಸರಕಾರದ ದಂಡೆ, ನೆರಳು ಊರಿನದು, ಕೊಡ ಹೊತ್ತು ನೀರು ಹಾಕುವ ಭುಜ ಮಾತ್ರ ಇವರದು. ಹತ್ತಿಗೆ ಕೀಟನಾಶಕದ ಎಣ್ಣೆ ಹೊಡೆದ ಪಂಪನ್ನು ಯಾರಾದರೂ ಕಾಲುವೆಯಲ್ಲಿ ತೊಳೆಯಲು ಬಂದರೆ ಅವರ ಗಂಟಲು ಆ ದಂಡೆಗೆ ಕೇಳುತ್ತಿತ್ತು: "ಮುಂದಿನ ಊರಾಗ ಅದನ್ನ ಕುಡೀತಾರಲೇ! ನಿಮ್ಮ ಮನೀ ಕೊಡದಾಗ ತೊಳಿ ಹೋಗು!" ಕಾಲುವೆಗೆ ನೀರು ಬಿಡುವ ಪಾಳಿ ಬಂತೆಂದರೆ ಎಲ್ಲರಿಗಿಂತ ಮೊದಲು ಇಳಿದು ತೂಬಿನ ಬಾಯಿ ಸ್ವಚ್ಛ ಮಾಡುವವರೂ ಅವರೇ. ತೂಬು ಎಂದರೆ ಇಲ್ಲಿ ದೊಡ್ಡದೇನೂ ಅಲ್ಲ. ದಂಡೆಯ ಹೊಟ್ಟೆಯೊಳಗಿಂದ ತೂರಿಸಿದ ಸಿಮೆಂಟಿನ ಕೊಳವೆ, ಒಂದು ಕೊಡ ಹಿಡಿಯುವಷ್ಟು ಅಗಲ. ಈ ಬಾಯಿ ಕಾಲುವೆಯ ನೀರಿನಡಿ, ಆ ಬಾಯಿ ದಂಡೆಯ ಆಚೆ ಹೊಲದ ಕಡೆ. ಮುಚ್ಚಲು ಇದ್ದ ಕಬ್ಬಿಣದ ಪಲಗೆ ಯಾವ ಕಾಲಕ್ಕೋ ಕಾಣೆಯಾಗಿತ್ತು. ಅಂಥ ಕಡೆ ಒಬ್ಬರೇ ಇಳಿಯಬೇಡಿ ಎಂದು ಅತ್ತೆ ಪ್ರತಿ ಪಾಳಿಗೂ ಹೇಳುತ್ತಿದ್ದಳು. ಮಾಮಾ ಪ್ರತಿ ಪಾಳಿಗೂ ಇಳಿಯುತ್ತಿದ್ದರು.

ಹೀಗೆ ಒಬ್ಬಳ ಒಳ್ಳೆಯತನ ಹೊಸ್ತಿಲಿಗೆ ಬಂದು ನಿಲ್ಲುತ್ತಿತ್ತು, ಇನ್ನೊಬ್ಬರದು ಹೊಸ್ತಿಲಾಚೆ ಶುರುವಾಗುತ್ತಿತ್ತು. ನನ್ನದು ಎಲ್ಲಿ ಎಂದು ಅತ್ತೆಯೇ ಕಂಡುಹಿಡಿದಿದ್ದಳು. ನಾನು ಪ್ಲಾಸ್ಟಿಕ್ ಚೀಲ ಮುಟ್ಟುವುದಿಲ್ಲವೆಂದು ಹಟ ಹಿಡಿದು, ಒಂದು ಸೇರು ಬದನೆಕಾಯಿಗೂ ದಪ್ಪ ಬಟ್ಟೆಯ ಚೀಲ ತೂಗುಹಾಕಿಕೊಂಡು ಸ್ಕೂಟರಿನಲ್ಲಿ ಊರಬಾಗಿಲಿನ ಅಗಸೆಯ ತನಕ ಹೋಗಿ ಬರುತ್ತಿದ್ದೆ. ಅಗಸೆ ನಮ್ಮ ಮನೆಯ ಕಟ್ಟೆಯಿಂದಲೇ ಕಾಣುತ್ತದೆ.

"ಚೀಲ ಅರಬೀದು, ಗಾಡಿ ಪೆಟ್ರೋಲಿಂದು," ಎಂದಳು ಅತ್ತೆ. "ನಿನ್ನ ಪರಿಸರ ಹಿಂದಿನ ಸೀಟಿನ ಮ್ಯಾಲ ಕುಂತು ಬರ್ತದೇನವ್ವಾ?"

ಮಾಮಾ ಚಹಾ ಚೆಲ್ಲುವಂತೆ ನಕ್ಕರು. ಹಿಂದೆ ನಲ್ಲಿ ಹರಿಯುತ್ತಲೇ ಇತ್ತು.

ಇಷ್ಟೇ ಆಗಿದ್ದರೆ ನಗೆಯ ಮಾತಾಗಿಯೇ ಉಳಿಯುತ್ತಿತ್ತು. ಆದರೆ ಏನನ್ನೂ ಬಿಸಾಡದ ಅತ್ತೆ ಒಂದನ್ನು ಮಾತ್ರ ಮನೆಯಲ್ಲಿಟ್ಟುಕೊಳ್ಳುತ್ತಿರಲಿಲ್ಲ: ದೇವರ ಸಾಮಾನು. ಒಣಗಿದ ಹೂವಿನ ಮಾಲೆ, ಗಾಜು ಒಡೆದ ದೇವರ ಫೋಟೋ, ಕಾಯಿಯ ಜುಟ್ಟು, ದೇವರ ಚಿತ್ರವಿರುವ ಹಳೆಯ ಕ್ಯಾಲೆಂಡರು, ಮದುವೆ ಮುಗಿದ ಮೇಲೆ ಜಂತಿಗೆ ಕಟ್ಟಿಟ್ಟ ಬಾಸಿಂಗ. ಇವನ್ನು ಸುಡುವಂತಿಲ್ಲ, ತುಳಿಯುವಂತಿಲ್ಲ, ತಿಪ್ಪೆಗೆ ಹಾಕುವ ಮಾತೇ ಇಲ್ಲ. ಹರಿಯುವ ನೀರಿಗೆ ಬಿಡಬೇಕು. ಆಕೆಯ ಚಿಕ್ಕಂದಿನಲ್ಲಿ ಹರಿಯುವ ನೀರೆಂದರೆ ಕೃಷ್ಣಾ ಹೊಳೆ, ಬಂಡಿ ಕಟ್ಟಿಕೊಂಡು ಹೋಗುವಷ್ಟು ದೂರ. ಅಲ್ಲಿಗೆ ಹೋಗುವುದು ಯಾವಾಗಲೋ ಒಮ್ಮೆ. ಆಗ ಒಯ್ಯುವುದಕ್ಕೂ ಒಂದು ಬಾಡಿದ ಹಾರ, ಎರಡು ಹಿಡಿ ಹೂವು, ಅಷ್ಟೇ. ಈಗ ಹರಿಯುವ ನೀರು ಮನೆಯ ಹಿಂದೆಯೇ ಬಂದು ನಿಂತಿತ್ತು. ದೇವರ ಫೋಟೋಗಳೂ ಕ್ಯಾಲೆಂಡರುಗಳೂ ಹೆಚ್ಚಾಗಿದ್ದವು. ನಾನು ಮುಟ್ಟದೆ ಬಿಟ್ಟ ಪ್ಲಾಸ್ಟಿಕ್ ಚೀಲಗಳು ಅತ್ತೆಗೆ ಗಂಟು ಕಟ್ಟಲು ಅನುಕೂಲವಾಗಿದ್ದವು. ಮುಂಜಾನೆ ಬಟ್ಟೆ ಒಗೆಯಲು ಹೋದಾಗ ಬುಟ್ಟಿಯ ಅಡಿಯಲ್ಲಿ ಒಂದು ಗಂಟು ಹೋಗುತ್ತಿತ್ತು, ಬರುವಾಗ ಇರುತ್ತಿರಲಿಲ್ಲ.

ಒಂದು ಸಲ ಮಾಮಾ ತೂಬಿನ ಬಾಯಿಂದ ಒಂದು ಬಾಸಿಂಗ ಎಳೆದು ತಂದು ಕಟ್ಟೆಗೆ ಒಗೆದರು. "ಯಾವ ಮಂದಿ ಅದಾರೋ! ಮದಿವಿ ಮಾಡ್ಕೊಂಡು ನಮ್ಮ ತೂಬಿನ್ಯಾಗ ತುರಕ್ತಾರ. ಇವರ ಬಾಯಾಗ ಮಣ್ಣ ಹಾಕ!"

ಅತ್ತೆ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ಸ್ವಲ್ಪ ಜೋರಾಗಿಯೇ ಬಡಿದಳು.

ಮಾಮಾ ಬಾಸಿಂಗವನ್ನು ತಿರುಗಿಸಿ ನೋಡಿದರು. "ಇದು ನಮ್ಮ ಮಗಳ ಮದಿವೀದು ಇದ್ದಂಗ ಅದಲ್ಲ?"

"ಎಲ್ಲಾ ಬಾಸಿಂಗ ಒಂದೇ ನಮೂನಿ ಇರ್ತಾವ ತಗೋರಿ. ಕೈ ತೊಳ್ಕೊಂಡು ಉಣ್ಣಾಕ ಬರ್ರಿ."

ಮಾಮಾ ಹೊರಗೆ ಹೋದ ಮೇಲೆ ನಾನು ಮೆಲ್ಲಗೆ ಕೇಳಿದೆ. "ಅತ್ತಿ, ನೀರು ಇಷ್ಟು ಜತನ ಮಾಡ್ತಿ. ಮತ್ತ ಆ ಕಸ ಯಾಕ ನೀರಾಗ ಹಾಕ್ತಿ?"

ಆಕೆಗೆ ನಿಜವಾಗಿಯೂ ಸಿಟ್ಟು ಬಂತು. "ಕಸಾ? ದೇವರ ಸಾಮಾನಿಗಿ ಕಸ ಅಂದ್ರ ನಾಲಿಗಿ ಸುಟ್ಟೀತು. ಕಸ ನಾ ಯಾವತ್ತರ ನೀರಾಗ ಹಾಕೀನೇನು? ಕೇಳು ಹೋಗು ಊರಾಗ."

ಹಾಕಿರಲಿಲ್ಲ, ಖರೆ. ಒಂದು ಬಳೆಯ ಚೂರನ್ನೂ ಹಾಕಿದವಳಲ್ಲ. ಆಕೆಯ ಲೆಕ್ಕದಲ್ಲಿ ಕಸ ಬಿಸಾಡುವುದು ಒಂದು ಕೋಣೆ, ದೇವರ ಸಾಮಾನು ಬಿಡುವುದು ಇನ್ನೊಂದು ಕೋಣೆ, ನಡುವೆ ಗೋಡೆ. ಮಾಮಾನ ಲೆಕ್ಕದಲ್ಲೂ ಹಾಗೆಯೇ, ಕಾಲುವೆಯ ನೀರು ಒಂದು, ನಲ್ಲಿಯ ನೀರು ಇನ್ನೊಂದು. ನನ್ನ ಪಾಠದಲ್ಲಿ ಈ ಗೋಡೆಗಳ ಬಗ್ಗೆ ಒಂದು ಸಾಲೂ ಇರಲಿಲ್ಲ.

ಆ ವರ್ಷ ಮಾಮಾನ ತಾಯಿ ತೀರಿಕೊಂಡರು. ತುಂಬ ವಯಸ್ಸಾಗಿತ್ತು. ಕೊನೆಯ ದಿನಗಳನ್ನೆಲ್ಲ ತಾವೇ ಹೊಲಿದ ಕೌದಿಯ ಮೇಲೆ ಮಲಗಿ ಕಳೆದಿದ್ದರು. ಹಳೆಯ ಸೀರೆ, ಧೋತರ, ಮಕ್ಕಳ ಅಂಗಿ ಎಲ್ಲವೂ ಅದರಲ್ಲಿದ್ದವು. ನಡುವೆ ಅವರ ಮದುವೆಯ ಸೀರೆಯ ಒಂದು ಕೆಂಪು ತುಂಡು. ಕೌದಿ ಹೊಟ್ಟೆ ಹಸಿದು ಇರಬಾರದೆಂದು ಹೊಲಿಗೆ ಮುಗಿಸುವ ಮುನ್ನ ಆ ಕೆಂಪು ತುಂಡಿನ ಅಡಿ ಒಂದು ಚೂರು ರೊಟ್ಟಿ ಇಟ್ಟು ಮುಚ್ಚಿದ್ದರಂತೆ. ಸತ್ತವರ ಹಾಸಿಗೆ ಮನೆಯಲ್ಲಿ ಇಡಬಾರದು, ನೀರಿಗೆ ಬಿಡಬೇಕು ಎಂದರು ಹಿರಿಯರು. ಮಾಮಾ ಬಹಳ ಹೊತ್ತು ಕೌದಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದು, ಕೊನೆಗೆ, "ಹೊಳಿಗಿ ಒಯ್ದು ಬಿಡ್ರಿ," ಎಂದು ಎದ್ದುಹೋದರು.

ಅತ್ತೆಗೆ ಹೊಳೆ ಎಂದರೂ ಕಾಲುವೆ ಎಂದರೂ ಒಂದೇ. "ಇದು ಕೃಷ್ಣೀ ನೀರೇ ಅಲ್ಲೇನು? ನಾವು ಆಕಿ ಕಡಿ ಹೋಗ್ತಿದ್ವಿ, ಈಗ ಆಕಿನೇ ನಮ್ಮ ಕಡಿ ಬಂದಾಳ," ಎನ್ನುತ್ತಿದ್ದಳು. ಪಾಳಿಯ ನೀರು ಬಂದ ದಿನ ಮುಂಜಾನೆ ಒಗೆಯುವ ಮೆಟ್ಟಿಲ ಮೇಲೆ ನಿಂತು, ಕೌದಿಗೆ ಅರಿಸಿನ ಕುಂಕುಮ ಹಚ್ಚಿ, ಕೈಮುಗಿದು ಬಿಟ್ಟು ಬಂದಳು. ಹೊಳೆಯಾಗಿದ್ದರೆ ಒಯ್ದುಬಿಡುತ್ತಿತ್ತು. ಕಾಲುವೆಯ ಕೆಲಸ ಒಯ್ಯುವುದಲ್ಲ, ತಲುಪಿಸುವುದು. ಒದ್ದೆಯಾಗಿ ಭಾರವಾದ ಕೌದಿಯನ್ನು ಅದು ನೇರ ನಮ್ಮ ತೂಬಿಗೇ ತಲುಪಿಸಿತು.

ಅಂದು ರವಿವಾರ. ಬತ್ತದ ಸಸಿಮಡಿಗೆ ನೀರು ಬರುತ್ತಿಲ್ಲವೆಂದು ಮಾಮಾ ಮುಂಜಾನೆಯೇ ಹೋಗಿದ್ದರು. ಮಧ್ಯಾಹ್ನ ನಾನು ಅತ್ತೆಯನ್ನು ಹಿಂದೆ ಕೂಡಿಸಿಕೊಂಡು, ನನ್ನ ಎರಡು ಬಟ್ಟೆಯ ಚೀಲಗಳಲ್ಲಿ ರೊಟ್ಟಿ ಪಲ್ಲೆ ತುಂಬಿಕೊಂಡು ಹೊರಟೆ. ದಂಡೆಯ ಮೇಲೆ ಗಾಡಿ ನಿಲ್ಲಿಸಿದಾಗ ಮಾಮಾ ಎದೆಮಟ್ಟದ ನೀರಿನಲ್ಲಿ ಕುಡುಗೋಲು ಹಿಡಿದು ನಿಂತಿದ್ದರು.

"ಏನೋ ದಪ್ಪನ ಅರಬಿ ಬಂದು ಬಾಯಿಗಿ ಕುಂತದ. ಜಗ್ಗಿದ್ರ ಬರವಲ್ದು. ಕೊಯ್ದು ತೆಗಿತೀನಿ."

ಕೊಯ್ಯಲು ಒಂದು ಅಂಚನ್ನು ಮೇಲಕ್ಕೆತ್ತಿದರು. ಕೆಂಪು ತುಂಡು ನೀರಿನ ಮೇಲೆ ಬಂತು. ಮಾಮಾ ಅದನ್ನು ನೋಡಿದರು. ಕುಡುಗೋಲನ್ನು ದಂಡೆಗೆ ಎಸೆದರು.

"ಇದು ಅವ್ವನ ಕೌದಿ," ಎಂದರು. ನನ್ನ ಪಕ್ಕದಲ್ಲಿ ಅತ್ತೆ ಚೀಲಗಳನ್ನು ನೆಲಕ್ಕಿಟ್ಟಳು.

ಕೊಯ್ದಿದ್ದರೆ ಏನೂ ಆಗುತ್ತಿರಲಿಲ್ಲ. ಇದನ್ನು ನಾನು ಎಷ್ಟು ಸಲ ಮನಸ್ಸಿನಲ್ಲಿ ತಿರುಗಿಸಿ ನೋಡಿದ್ದೇನೋ. ಅವರು ಕೊಯ್ಯಲಿಲ್ಲ. ಹರಿಯದ ಹಾಗೆ ಬಿಡಿಸಲು ಕೊಳವೆಯ ಅಂಚಿಗೆ ಒಂದು ಕಾಲು ಕೊಟ್ಟು, ಎರಡೂ ಕೈಯಿಂದ ಜಗ್ಗಿದರು. ಕೌದಿ ಒಮ್ಮೆಲೇ ಬಿಟ್ಟುಕೊಂಡಿತು. ಅದರ ಜಾಗಕ್ಕೆ ನುಗ್ಗಿದ ನೀರು ಅವರ ಕಾಲನ್ನೂ ಕರೆದುಕೊಂಡು ಹೋಯಿತು. ಗೊರ್ ಎಂದು ಆ ಸದ್ದು. ಮೊಣಕಾಲು ಹೋಯಿತು, ತೊಡೆ ಹೋಯಿತು, ನೀರು ಎದೆಯಿಂದ ಗದ್ದಕ್ಕೆ ಬಂತು.

ನಾನು ದಂಡೆಯ ಇಳಿಜಾರಿಗೆ ಬೋರಲು ಬಿದ್ದು ಅವರ ಒಂದು ಕೈ ಹಿಡಿದೆ. ಸಿಮೆಂಟಿನ ಮೇಲೆ ಪಾಚಿ, ನಾನೂ ಜಾರುತ್ತಿದ್ದೆ. ಅವರ ಇನ್ನೊಂದು ಕೈಯಲ್ಲಿ ಕೌದಿ. "ಮಾಮಾ, ಕೌದಿ ಬಿಡ್ರಿ! ಎರಡೂ ಕೈ ಕೊಡ್ರಿ!" ಎಂದು ಕಿರುಚಿದೆ. ಬಿಡಲಿಲ್ಲ. ಮುಖ ಮೇಲಕ್ಕೆತ್ತಿ ಮೂಗಿನಿಂದ ಉಸಿರಾಡುತ್ತಿದ್ದರು. ಪ್ರತಿ ಉಸಿರಿಗೂ ಕಾಲು ಇನ್ನಷ್ಟು ಒಳಗೆ ಹೋಗುತ್ತಿತ್ತು. ಊಟದ ಹೊತ್ತಾದ್ದರಿಂದ ಸುತ್ತಲಿನ ಹೊಲಗಳಲ್ಲಿ ಒಬ್ಬರೂ ಇರಲಿಲ್ಲ. ತಿರುಗಿ ನೋಡಿದರೆ ಅತ್ತೆಯೂ ಇರಲಿಲ್ಲ. ಚೀಲಗಳನ್ನು ಎತ್ತಿಕೊಂಡು ದಂಡೆಯ ಆಚೆ ಇಳಿದು ಓಡಿಬಿಟ್ಟಿದ್ದಳು. ರೊಟ್ಟಿಗಳು ಮಣ್ಣಿನಲ್ಲಿ ಬಿದ್ದಿದ್ದವು. ಒಂದು ಅಗುಳು ಚೆಲ್ಲಿದರೂ ಹೆಕ್ಕಿ ಕಣ್ಣಿಗೊತ್ತಿಕೊಳ್ಳುವವಳು ರೊಟ್ಟಿ ಚೆಲ್ಲಿ ಓಡಿದ್ದಾಳೆಂದರೆ ಹೆದರಿ ಓಡಿದಳೆಂದೇ ತಿಳಿದೆ.

ಆಮೇಲೆ ಆ ಸದ್ದು ಸಣ್ಣದಾಯಿತು. ಇನ್ನೂ ಸಣ್ಣದಾಯಿತು. ನಿಂತಿತು. ನನ್ನ ಕೈಯಲ್ಲಿದ್ದ ಜಗ್ಗಾಟ ಸಡಿಲವಾಯಿತು. ಮಾಮಾ ಒಮ್ಮೆ ಮೈ ತಿರುಗಿಸಿದರು, ಕಾಲು ಹೊರಗೆ ಬಂತು. ಅವರನ್ನು ದಂಡೆಗೆ ಎಳೆದುಕೊಳ್ಳುವಾಗ ಕೌದಿಯೂ ಜೊತೆಗೆ ಬಂತು. ಮೊಣಕಾಲಿನ ಕೆಳಗೆ ಚರ್ಮ ಸುಲಿದು ರಕ್ತ ಇಳಿಯುತ್ತಿತ್ತು.

ಅತ್ತೆ ದಂಡೆಯ ಆಚೆಯಿದ್ದಳು. ಹೊಲದ ಕಡೆಯ ಕೊಳವೆಯ ಬಾಯಿಗೆ ನನ್ನ ಎರಡೂ ಚೀಲಗಳನ್ನು ಕೆಸರು ತುಂಬಿ ತುರುಕಿ, ಸೆರಗು ಸುತ್ತಿ ಸಂದು ಮುಚ್ಚಿ, ಅದಕ್ಕೆ ಬೆನ್ನು ಕೊಟ್ಟು ಕಾಲುವೆಯನ್ನೇ ತಡೆಯುವವಳ ಹಾಗೆ ಕೂತಿದ್ದಳು. ನೀರು ಆ ಕಡೆ ಹೊರಬೀಳದಾದ್ದರಿಂದ ಈ ಕಡೆಯ ಸೆಳೆತ ನಿಂತಿತ್ತು. ಮೈಯೆಲ್ಲ ಕೆಸರು. ಕಣ್ಣು ಮುಚ್ಚಿದ್ದಳು.

"ಅತ್ತಿ, ಬಂದ್ರು ಮ್ಯಾಲ!" ಎಂದು ಕೂಗಿದೆ.

"ಖರೇನಾ? ಕಾಲು?"

"ಕಾಲೂ ಬಂದದ."

ಆಮೇಲೆ ಅಳತೊಡಗಿದಳು. ಇದು ಹೇಗೆ ಹೊಳೆಯಿತು ಎಂದು ಎಷ್ಟೋ ದಿನಗಳ ಮೇಲೆ ಕೇಳಿದ್ದೆ. "ಹೊಳಿಯೋದೇನು ಬಂತು? ಈ ಕಡಿ ನೀರು ಸುರಿಯಾಕತ್ತಿತ್ತು, ಮುಚ್ಚಿದೆ," ಎಂದಳು. ಹೌದಿನ ತೂತಿಗೆ ಹೇಗೋ ಹಾಗೆಯೇ. ಮನೆಯೊಳಗಿನ ಅಭ್ಯಾಸ ಹೊಸ್ತಿಲು ದಾಟಿದ್ದು ನನಗೆ ಗೊತ್ತಿದ್ದಂತೆ ಅದೇ ಮೊದಲು.

ಆದರೆ ಅವತ್ತು ದಂಡೆಯ ಮೇಲೆ ಮೂವರೂ ಕೂತಾಗ ನಡೆದ ಮಾತನ್ನು ಹೇಳಬೇಕು. ಮಾಮಾ ಕಣ್ಣು ತೆರೆದು ಮೊದಲು ಕೇಳಿದ್ದು, "ಕೌದಿ ಎಲ್ಲಿ?"

"ನಿಮ್ಮ ಕೈಯಾಗೇ ಅದ. ಕಾಲು ಎಲ್ಲಿ ಅಂತ ಕೇಳ್ರಿ ಮೊದಲ," ಎಂದಳು ಅತ್ತೆ.

"ಹೊಳಿಗಿ ಬಿಡ್ರಿ ಅಂದಿದ್ದೆ. ಯಾರು ಬಿಟ್ಟಾರ ಇದನ್ನ ಕೆನಾಲದಾಗ?"

"ನಾನ."

ಮಾಮಾ ಕೌದಿಯ ಒಂದು ತುದಿಯ ನೀರು ಹಿಂಡಿದರು. "ಬಾಸಿಂಗನೂ?"

"ಹೂಂ."

"ಫೋಟೋ? ಕ್ಯಾಲೆಂಡರ?"

"ಎಲ್ಲಾ."

"ಮತ್ತ ಇಷ್ಟ ವರ್ಷ ನಾ ಬೈದದ್ದೆಲ್ಲಾ..."

"ನನಗೇ. ಎಲ್ಲಾ ಕೇಳಿಸಿಕೊಂಡೀನಿ. ಬಾಯಾಗ ಮಣ್ಣ ಹಾಕ ಅಂದ್ರಿ, ಇವತ್ತ ಹಾಕ್ಕೊಂಡೀನಿ ನೋಡ್ರಿ." ನಿಜವಾಗಿಯೂ ಆಕೆಯ ತುಟಿಯ ಮೇಲೆ ಕೆಸರಿತ್ತು.

ಮಾಮಾ ನಕ್ಕರು. ನಗುವಾಗ ಕೆಮ್ಮು ಬಂತು, ಕೆಮ್ಮುವಾಗ ಹೆಂಡತಿಯ ಕೈ ಹಿಡಿದುಕೊಂಡರು. ನಾನು ಚೆಲ್ಲಿದ ರೊಟ್ಟಿ ಹೆಕ್ಕುವ ನೆಪದಲ್ಲಿ ಎದ್ದೆ.

ಕೌದಿಯನ್ನು ಒಣಗಿಸಲು ಬಹಳ ದಿನ ಹಿಡಿಯಿತು. ಹಿರಿಯರು ಮತ್ತೆ ನೀರಿನ ಮಾತೆತ್ತಿದಾಗ ಅತ್ತೆಯೇ ಬಾಯಿ ಮುಚ್ಚಿಸಿದಳು. "ಒಮ್ಮಿ ಕಳಿಸಿದ್ವಿ, ಮಗನ್ನ ಬಿಟ್ಟಿರಲಾರದ ಮುದುಕಿ ವಾಪಸ್ ಬಂದಾಳ. ಇನ್ನ ಇಲ್ಲೇ ಇರ್ಲಿ. ನನ್ನ ಮ್ಯಾಲ ಒಂದು ಕಣ್ಣಿಡಾಕ ಯಾರರ ಬೇಕಲ್ಲ." ದೇವರ ಸಾಮಾನು ಈಗ ಜಂತಿಗೆ ತೂಗುವ ಗಂಟಿನಲ್ಲಿ ಕೂಡುತ್ತದೆ. ಗಂಟು ದೊಡ್ಡದಾದಾಗ ಅತ್ತೆ ಪ್ಲಾಸ್ಟಿಕ್ಕು, ಗಾಜು, ತಂತಿ ತೆಗೆದಿಟ್ಟುಕೊಂಡು, ಹೂವು ನಾರು ಮಾತ್ರ ಕಟ್ಟಿ ನನ್ನ ಸ್ಕೂಟರಿನ ಹಿಂದೆ ಕೂತು ಹೊಳೆಗೆ ಹೊರಡುತ್ತಾಳೆ. "ನಿನ್ನ ಪೆಟ್ರೋಲಿಗಿ ಒಂದು ಪುಣ್ಯೇದ ಕೆಲಸ ಸಿಕ್ತು," ಎನ್ನುತ್ತಾಳೆ.

ಮಾಮಾ ತೂಬಿಗೆ ಇಳಿಯುವುದನ್ನು ಬಿಟ್ಟರೇ? ಇಲ್ಲ. ನಾವಿಬ್ಬರೂ ಅತ್ತೆವು, ಬೈದೆವು, ಉಪವಾಸ ಕೂತೆವು. "ನಾ ಇಳೀಲಿಲ್ಲಂದ್ರ ಹುಡುಗರು ಇಳೀತಾವ," ಎಂದರು. ಆದ್ದರಿಂದ ಮುಂದಿನ ಪಾಳಿಯಿಂದ ಅತ್ತೆಯೂ ಹೊರಟಳು. ಅಷ್ಟು ವರ್ಷ ಬುತ್ತಿ ಕೊಡಲು ಬಿಟ್ಟರೆ ಒಗೆಯುವ ಮೆಟ್ಟಿಲು ದಾಟಿ ಕಾಲುವೆಯ ಕಡೆ ಕಾಲಿಡದವಳು ಹೆಗಲಿಗೆ ಕೆಸರು ತುಂಬುವ ಗೋಣಿಚೀಲ ಹಾಕಿಕೊಂಡು ಹೋಗಿ ಹೊಲದ ಕಡೆಯ ಬಾಯಿಯ ಹತ್ತಿರ ನಿಲ್ಲುತ್ತಾಳೆ. ಮಾಮಾ ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಈ ಕಡೆ ಇಳಿಯುತ್ತಾರೆ. ಹಗ್ಗದ ತುದಿ ದಂಡೆಯ ಬೇವಿನ ಮರಕ್ಕೆ, ಅವರೇ ಹಚ್ಚಿದ್ದು. ನಾನು ದಂಡೆಯ ನೆತ್ತಿಯ ಮೇಲೆ, ಹಗ್ಗ ಹಿಡಿದು. ಅವರಿಬ್ಬರಿಗೂ ಒಬ್ಬರಿಗೊಬ್ಬರು ಕಾಣುವುದಿಲ್ಲ, ನನಗೆ ಇಬ್ಬರೂ ಕಾಣುತ್ತಾರೆ.

ಮನೆಯ ನಲ್ಲಿಯನ್ನು ಮಾಮಾ ಇವತ್ತಿಗೂ ಬಂದ್ ಮಾಡುವುದಿಲ್ಲ. ಆ ಅಭ್ಯಾಸ ಇನ್ನೂ ಹೊಸ್ತಿಲಾಚೆಯೇ ನಿಂತಿದೆ, ಒಳಗೆ ಬರಲು ಯಾರಾದರೂ ಕರೆಯಲಿ ಎಂಬಂತೆ. ಅತ್ತೆಯೂ ಮೊದಲಿನ ಹಾಗೆ ಬೈಯುವುದಿಲ್ಲ. ಎದ್ದು ಹೋಗಿ ತಿರುವಿ ಬರುತ್ತಾಳೆ. ಆಕೆಯ ಎಲ್ಲ ಗಂಟಲೂ ಈಗ ತೂಬಿನ ಹತ್ತಿರ ಖರ್ಚಾಗುತ್ತದೆ. ಮಾಮಾ ನೀರಿಗೆ ಕಾಲಿಟ್ಟ ಗಳಿಗೆಯಿಂದ ಮೇಲೆ ಬರುವ ತನಕ ದಂಡೆಯ ಆಚೆಯಿಂದ ಬಿಡದೆ ಕೂಗುತ್ತಲೇ ಇರುತ್ತಾಳೆ:

"ಅದೀರೇನ್ರಿ?"

"ಅದೀನಿ!"

ಸ್ವಲ್ಪ ತಡವಾದರೂ ಸಾಕು, ನನ್ನ ಕೈ ಹಗ್ಗವನ್ನು ಬಿಗಿಯುತ್ತದೆ, ಆಚೆ ಅತ್ತೆ ಕೆಸರಿನ ಗೋಣಿ ಎತ್ತಿಕೊಳ್ಳುತ್ತಾಳೆ.

"ಏನ್ರೀ! ಅದೀರೇನು?"

"ಅದೀನಿ ಮಾರಾಯ್ತೀ! ಎಲ್ಲಿ ಹೋಗ್ಲಿ ನಿನ್ನ ಬಿಟ್ಟು?"